ಮಾದರಿ ಕೈ

ಗೋಡೆಯ ಪರದೆಯ ಮೇಲೆ ಮತ್ತೆ ಸೊನ್ನೆ ಬಿತ್ತು. ಆಪರೇಷನ್ ಕೋಣೆಯಲ್ಲಿದ್ದ ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿ ಮಾಸ್ಕಿನೊಳಗೇ ನಕ್ಕರು. ಎಪ್ಪತ್ತು ದಾಟಿದ ಡಾಕ್ಟರ್ ಶೈಲಜಾ ಕೊಣ್ಣೂರ ಅವರ ಕೈಗೆ ಸೊನ್ನೆ ಬೀಳದೆ ಇನ್ನೇನು ಬಿದ್ದೀತು? ಸೊನ್ನೆ ಎಂದರೆ ಅವರು ತೊಟ್ಟ ಜಾಣಗವಸು ಅವರ ಕೈಯನ್ನು ಕೂದಲೆಳೆಯಷ್ಟೂ ತಿದ್ದಬೇಕಾಗಿ ಬರಲಿಲ್ಲ ಎಂದರ್ಥ. ಇಡೀ ರಾಜ್ಯದಲ್ಲಿ ದಿನಾ ಸೊನ್ನೆ ತೆಗೆಯುವ ಕಣ್ಣಿನ ಡಾಕ್ಟರು ಅವರೊಬ್ಬರೇ.

ಆದರೆ ಶೈಲಜಾ ನಗಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು. ಈಗಷ್ಟೇ, ರೋಗಿಯ ಕಣ್ಣಿನ ಮಸೂರದ ಚೀಲಕ್ಕೆ ಬಾಯಿ ತೆಗೆಯುವಾಗ, ತಮ್ಮ ಕೈ ನಡುಗಿದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದಲ್ಲಿ ನಿಂತವರಿಗೆ ಕಾಣದಂಥ ನಡುಕ, ನಿಜ. ಆದರೆ ಅಂಥ ನಡುಕವನ್ನು ಹಿಡಿಯಲೆಂದೇ ಅಲ್ಲವೇ ಈ ಗವಸನ್ನು ಮಾಡಿದ್ದು? ಕಳ್ಳ ಮನೆಯೊಳಗೆ ಬಂದರೂ ಬಾಲ ಅಲ್ಲಾಡಿಸುವ ನಾಯಿಯನ್ನು ಯಾರು ಸಾಕುತ್ತಾರೆ?

ಜಾಣಗವಸಿಗೆ ಸರ್ಕಾರಿ ಕಾಗದದಲ್ಲಿ ಮಾರುದ್ದದ ಹೆಸರೊಂದಿದೆ. ಅದನ್ನು ಬಿಟ್ಟುಬಿಡೋಣ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಗವಸು ಅದು. ಒಳಗೆ ಕಣ್ಣಿಗೆ ಕಾಣದ ಸಾವಿರಾರು ಎಳೆಗಳು; ಒಂದೊಂದು ಎಳೆಯೂ ಪುಟ್ಟ ಸ್ನಾಯುವಿನ ಹಾಗೆ ಹಿಗ್ಗಿ ಕುಗ್ಗಬಲ್ಲದು. ಒಳ್ಳೆಯ ಕೈ ಹೇಗೆ ನಡೆಯಬೇಕು ಎಂಬ ಅಚ್ಚೊಂದು ಅದರ ನೆನಪಿನಲ್ಲಿರುತ್ತದೆ. ಡಾಕ್ಟರ ಬೆರಳು ಆ ದಾರಿ ಬಿಟ್ಟರೆ ಎಳೆಗಳು ಮೆಲ್ಲಗೆ ಜಗ್ಗಿ ದಾರಿಗೆ ತರುತ್ತವೆ. ಎಷ್ಟು ಜಗ್ಗಬೇಕಾಯಿತು ಎಂಬ ಅಂಕಿ ಗೋಡೆಯ ಮೇಲೆ ಬೀಳುತ್ತದೆ. ಅಂಕಿ ಮಿತಿ ದಾಟಿದವರು, ಎಂಥ ದೊಡ್ಡ ಹೆಸರಿನವರಾದರೂ, ಕತ್ತಿ ಕೆಳಗಿಡಬೇಕು. ಈ ಕಾನೂನಿಗಾಗಿ ಎಲ್ಲರಿಗಿಂತ ಹೆಚ್ಚು ಹೊಡೆದಾಡಿದ್ದು ಶೈಲಜಾ ಅವರೇ. "ವಯಸ್ಸಾಗುವುದು ತಪ್ಪಲ್ಲ, ಅದನ್ನು ಬಚ್ಚಿಡುವುದು ತಪ್ಪು," ಎಂದು ಟೀವಿಯಲ್ಲಿ ಕೂತು ಹೇಳಿದ್ದರು. ಗವಸಿಗೆ ಮೊದಲ ಅಚ್ಚು ಕೊಟ್ಟದ್ದೂ ಅವರದೇ ಕೈ. ಆಗ ಅವರಿಗೆ ಅರವತ್ತು, ಕೈ ಕಲ್ಲಿನ ಹಾಗೆ ನಿಲ್ಲುತ್ತಿತ್ತು.

ಅಂದು ಸಂಜೆ ಶೈಲಜಾ ಧಾರವಾಡದ ಮನೆಗೆ ಬಂದು ಚಹಾ ಮಾಡಿದರು. ಗಂಡ ಮಹಾಂತೇಶ, ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಕಪ್ಪನ್ನು ಕೈಯಲ್ಲಿ ತೂಗಿ ನೋಡಿದರು. ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಬಂದು ಅವರಿಗೆ ಜಗತ್ತೇ ಮಂಜಾಗಿತ್ತು.

"ಶೈಲಾ, ನಮ್ಮನ್ಯಾಗ ಹಾಲಿನ ಬರ ಬಂದೈತೇನು? ಎಷ್ಟೋ ದಿನಾತು, ಅರ್ಧಾ ಕಪ್ಪಿನ ಮ್ಯಾಲೆ ಚಾ ಕಂಡಿಲ್ಲ ನಾ."

"ಸಕ್ಕರಿ ಕಡಿಮಿ ಮಾಡ್ರಿ ಅಂದ್ರ ನೀವು ಕೇಳೂದಿಲ್ಲ. ಅದಕ್ಕ ಚಾನ ಕಡಿಮಿ ಮಾಡೇನಿ."

"ಡಾಕ್ಟರನ್ನ ಲಗ್ನಾದವಗ ಇದೂ ಒಂದು ಶಿಕ್ಷಾ," ಎಂದು ಅವರು ಸುರ್ರನೆ ಕುಡಿದರು. "ಇರಲಿ. ದಸರಾದಾಗ ಖಂಡೇ ಪೂಜಿ ದಿನ ನಿನ್ನ ಕೈಯಾಗ ನನ್ನ ಕಣ್ಣು ಕೊಡಾಂವ ನಾ. ಊರ ಮಂದಿಗೆಲ್ಲಾ ನಿನ್ನ ಕೈಗುಣ ಸಿಕ್ಕೈತಿ, ಕಟಗೊಂಡ ಗಂಡಗ ಇನ್ನೂ ಸಿಕ್ಕಿಲ್ಲ."

ಶೈಲಜಾ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ಅರ್ಧ ಕಪ್ಪಿನ ಗುಟ್ಟು ಸಕ್ಕರೆಯದಲ್ಲ. ತುಂಬಿದ ಕಪ್ಪು ಅವರ ಕೈಯಲ್ಲಿ ಕೆಳಗಿನ ಬಸಿಗೆ ಚೆಲ್ಲುತ್ತಿತ್ತು.

ಮರುದಿನ, ಗವಸಿನ ಅಂಕಿ ಮಿತಿ ದಾಟಿದವರ ಬಗ್ಗೆ ತೀರ್ಮಾನಿಸುವ ಸಮಿತಿಯ ಮುಂದೆ ಡಾಕ್ಟರ್ ತಸ್ಲೀಮಾ ನದಾಫ ನಿಂತಿದ್ದಳು. ಬೀದರ ಕಡೆಯ ಸಣ್ಣ ಆಸ್ಪತ್ರೆಯಿಂದ ಬಂದ ಹುಡುಗಿ, ಗವಸು ಇನ್ನೂ ತಲುಪದ ಕಡೆ ಕೆಲಸ ಕಲಿತವಳು. ಇಲ್ಲಿ ಗವಸು ತೊಟ್ಟ ದಿನದಿಂದ ಅವಳ ಅಂಕಿ ಮಿತಿ ದಾಟುತ್ತಲೇ ಇತ್ತು. ಅವಳನ್ನು ಆಪರೇಷನ್ನಿನಿಂದ ತೆಗೆಯುವ ಆದೇಶ ತಯಾರಾಗಿತ್ತು. ಸಮಿತಿಯ ಹಿರಿಯರಾದ ಶೈಲಜಾ ಅವರ ಒಂದು ಸಹಿ ಬೇಕಿತ್ತು, ಅಷ್ಟೇ.

"ಮೇಡಂ, ನಾ ಸುಳ್ಳು ಹೇಳಂಗಿಲ್ರಿ," ಎಂದಳು ತಸ್ಲೀಮಾ. "ಚೀಲದ ಬಾಯಿ ತಗಿಯೂ ಮುಂದ ಅದು ನನ್ನ ಬೆರಳನ್ನ ಕೆಳಗ ಬಲಕ್ಕ ಜಗ್ತೈತ್ರಿ. ನಾ ಬಿಡಂಗಿಲ್ಲ. ಸಂಜಿ ಅನ್ನೂದ್ರಾಗ ಬೆರಳು ಬಾತಿರ್ತಾವ್ರಿ."

ಸಮಿತಿಯ ಇನ್ನೊಬ್ಬ ಸದಸ್ಯರು ಡಾಕ್ಟರ್ ಮುರುಗೇಶ ಹಲಗತ್ತಿ, ಅವರೂ ಅರವತ್ತೈದು ದಾಟಿದವರೇ. ಕುರ್ಚಿಗೆ ಒರಗಿ, "ಕುಣೀಲಾರದಾಕಿ ನೆಲ ಡೊಂಕು ಅಂದಳಂತ," ಎಂದರು. ನಾಕು ಮಂದಿ ನಕ್ಕರು. ತಸ್ಲೀಮಾಳ ಕಿವಿ ಕೆಂಪಾಯಿತು.

ಶೈಲಜಾ ಸಹಿ ಮಾಡಲೆಂದು ಪೆನ್ನು ತೆಗೆದವರು ಹಾಗೇ ತಡೆದರು. ಕೆಳಗೆ ಬಲಕ್ಕೆ ಅಂದಳಲ್ಲ ಈ ಹುಡುಗಿ. ಸುಳ್ಳು ಹೇಳುವವರು ದಿಕ್ಕು ಹೇಳುವುದಿಲ್ಲ.

"ಈಕಿ ಮಾಡಿದ ಆಪರೇಷನ್ನಿನ ಫೋಟೋ ಹಾಕ್ರಿ," ಎಂದರು.

ಪರದೆಯ ಮೇಲೆ ಕಣ್ಣುಗಳು ಒಂದೊಂದಾಗಿ ಬಂದವು. ಕಣ್ಣಿನ ಮಸೂರ ಒಂದು ತೆಳು ಚೀಲದೊಳಗೆ ಇರುತ್ತದೆ. ಚೀಲದ ಮುಂಭಾಗದಲ್ಲಿ ದುಂಡಗೆ ಬಾಯಿ ತೆಗೆದು, ಮಬ್ಬಾದ ಮಸೂರವನ್ನು ಹೊರಗೆಳೆದು, ಹೊಸದನ್ನು ಕೂರಿಸಬೇಕು. ಬಾಯಿ ದುಂಡಗಿದ್ದರೆ ಹೊಸ ಮಸೂರ ನಟ್ಟನಡುವೆ ಕೂರುತ್ತದೆ. ಸೊಟ್ಟಗಿದ್ದರೆ ವರ್ಷ ಕಳೆದಂತೆ ಪಕ್ಕಕ್ಕೆ ಸರಿಯುತ್ತದೆ, ದೃಷ್ಟಿ ಮತ್ತೆ ಕಲಕುತ್ತದೆ. ತಸ್ಲೀಮಾ ತೆಗೆದ ಬಾಯಿಗಳು ನಾಣ್ಯದಂತೆ ದುಂಡಗಿದ್ದವು. ಗವಸಿನ ಜೊತೆ ಗುದ್ದಾಡುತ್ತಲೇ ಅಷ್ಟು ದುಂಡಗೆ ತೆಗೆದಿದ್ದಾಳೆ ಪುಣ್ಯಾತ್ಗಿತ್ತಿ.

"ಈಗ ಉಳಿದವರದು ಹಾಕ್ರಿ. ಯಾರದಾದ್ರೂ ನಡೀತೈತಿ."

ಕಾರವಾರದವರದು ಬಂತು. ಕೋಲಾರದವರದು ಬಂತು. ಹಲಗತ್ತಿಯವರದೂ ಬಂತು. ಒಂದೊಂದನ್ನೇ ನೋಡಿದರೆ ಏನೂ ಕಾಣುವುದಿಲ್ಲ, ಚೆನ್ನಾಗಿಯೇ ಇದೆ. ಆದರೆ ಸಾಲಾಗಿ ನೋಡುತ್ತ ಹೋದಂತೆ ಶೈಲಜಾ ಅವರ ಬೆನ್ನು ನೆಟ್ಟಗಾಯಿತು. ಎಲ್ಲ ಬಾಯಿಗಳೂ ಗಡಿಯಾರದ ನಾಲ್ಕರ ಅಂಕಿ ಇರುವ ಕಡೆ ಒಂಚೂರು ಜೋತುಬಿದ್ದಿದ್ದವು. ಇಷ್ಟು ಊರು, ಇಷ್ಟು ಡಾಕ್ಟರು, ಸೊಟ್ಟ ಮಾತ್ರ ಒಂದೇ. ಇಡೀ ರಾಜ್ಯದ ಕಣ್ಣುಗಳನ್ನು ಒಬ್ಬರೇ ಕೂತು ಕೊಯ್ದ ಹಾಗಿತ್ತು.

"ಸಭೆ ಮುಂದಕ್ಕ ಹಾಕ್ರಿ," ಎಂದು ಎದ್ದೇಬಿಟ್ಟರು. ಹಲಗತ್ತಿ ಬಾಯಿ ತೆರೆಯುವ ಮೊದಲೇ ಅವರು ಬಾಗಿಲಾಚೆ ಇದ್ದರು.

ಯಾರ ಸೊಟ್ಟ ಇದು? ಕಾರಿನಲ್ಲಿ ಕೂತು ಅದನ್ನೇ ಯೋಚಿಸಿದರು. ಎದೆ ಡವಗುಟ್ಟುತ್ತಿತ್ತು, ಹೆದರಿಕೆಯಿಂದಲ್ಲ. ಕಾಲೇಜಿನಲ್ಲಿ ಮೊದಲ ಸಲ ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟಾಗ ಆಗಿತ್ತಲ್ಲ, ಆ ಥರದ ಸಡಗರ. ಮನೆಯ ಗೇಟು ತೆಗೆದು ಒಳಗೆ ಕಾಲಿಡಬೇಕು, ಹೊಸ್ತಿಲ ಮುಂದೆ ಬೆಳಗ್ಗೆ ತಾವೇ ಹಾಕಿದ ರಂಗೋಲಿ ಕಂಡಿತು. ನಡುವೆ ಒಂದು ದೊಡ್ಡ ವೃತ್ತ. ಅದು ಕೆಳಗೆ ಬಲಕ್ಕೆ, ನಾಲ್ಕರ ಕಡೆ, ಒಂಚೂರು ಜೋತುಬಿದ್ದಿತ್ತು.

ಶೈಲಜಾ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಆಮೇಲೆ, ಏನನ್ನಬೇಕು ಅವರಿಗೆ, ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾರದು?" ಎಂದು ಮಹಾಂತೇಶ ಒಳಗಿನಿಂದ ಕೇಳಿದರು. "ಶೈಲಾ? ಯಾಕ ನಗಾಕತ್ತಿ?"

"ಕಳ್ಳ ಸಿಕ್ಕಾನ್ರಿ," ಎಂದವರೇ ಚಪ್ಪಲಿ ಕೂಡ ಬಿಡದೆ ವಾಪಸು ಕಾರು ಹತ್ತಿದರು.

ಆದರೆ ಅನುಮಾನ ಬೇರೆ, ಪುರಾವೆ ಬೇರೆ. ತಸ್ಲೀಮಾಳನ್ನು ಕರೆದು, "ಮಾರ್ಕೆಟ್ಟಿನಿಂದ ಆಡಿನ ಕಣ್ಣು ತರಿಸವಾ, ಹಳೇ ಕಾಲದಂಗ," ಎಂದರು. ಕಣ್ಣಿನ ಡಾಕ್ಟರಾಗುವವರು ಮೊದಲು ಕೈ ಪಳಗಿಸುವುದು ಕಟುಕರ ಅಂಗಡಿಯಿಂದ ತಂದ ಆಡಿನ ಕಣ್ಣಿನ ಮೇಲೆ. ಗವಸು ಬಂದ ಮೇಲೆ ಆ ರೂಢಿಯೇ ತಪ್ಪಿಹೋಗಿತ್ತು. ಇಬ್ಬರೂ ಅಭ್ಯಾಸದ ಕೋಣೆಯ ಬಾಗಿಲು ಹಾಕಿಕೊಂಡು, ಜಾಣಗವಸು ಬಿಚ್ಚಿಟ್ಟು, ಬರಿಯ ರಬ್ಬರ್ ಗ್ಲೌಸಿನಲ್ಲಿ ಎದುರುಬದುರು ಕೂತರು.

"ಮೇಡಂ, ಇದು ನನ್ನ ಪರೀಕ್ಷಾ ಏನ್ರಿ?"

"ನಿಂದಲ್ಲ, ನಂದು. ನೀ ಶುರು ಮಾಡು."

ತಸ್ಲೀಮಾ ಒಂದು ತೆಗೆದಳು, ದುಂಡಗೆ. ಶೈಲಜಾ ಒಂದು ತೆಗೆದರು. ಇನ್ನೊಂದು. ಮತ್ತೊಂದು. ಬೇಕೆಂದೇ ಎಡಕ್ಕೆ ಒತ್ತಿ ತೆಗೆದು ನೋಡಿದರು, ಉಸಿರು ಹಿಡಿದು ನೋಡಿದರು. ತಟ್ಟೆಯಲ್ಲಿ ಎರಡು ಸಾಲು ಕಣ್ಣು ಕೂಡಿದವು. ಒಂದು ಸಾಲು ದುಂಡಗೆ, ಇನ್ನೊಂದು ಸಾಲು ನಾಲ್ಕರ ಕಡೆ ಜೋತು.

ತಸ್ಲೀಮಾ ತಟ್ಟೆ ನೋಡಿದಳು, ಮೇಡಂ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಕಣ್ಣಲ್ಲಿ ನೀರು ಬಂತು. "ನನಗ ಇದು ಬ್ಯಾಡಾಗಿತ್ರಿ ಮೇಡಂ," ಎಂದಳು.

"ಹುಚ್ಚಿ. ನೆಲಾನ ಡೊಂಕಿತ್ತು, ನೀ ಬರೋಬ್ಬರಿ ಕುಣದಿ. ಅಳಬ್ಯಾಡ, ಬಾ ನನ್ನ ಕೂಡ."

ಗವಸುಗಳ ನೆನಪನ್ನೆಲ್ಲ ನೋಡಿಕೊಳ್ಳುವ ಕೋಣೆ ಆಸ್ಪತ್ರೆಯ ಮೇಲ್ಮಹಡಿಯಲ್ಲಿತ್ತು. ಅಲ್ಲಿನ ಎಂಜಿನಿಯರ್ ವಾದಿರಾಜ ಕಟ್ಟಿ ನಡುವಯಸ್ಸಿನ, ಮೃದು ಮಾತಿನ ಮನುಷ್ಯ. ಅವನ ತಾಯಿಯ ಕಣ್ಣು ಉಳಿಸಿದ್ದು ಶೈಲಜಾ. ಅಂದಿನಿಂದ ಅವನ ಪಾಲಿಗೆ ಅವರು ದೇವರಿಗಿಂತ ಒಂದು ಮೆಟ್ಟಲು ಮಾತ್ರ ಕೆಳಗೆ.

"ವಾದಿರಾಜ, ಗವಸಿನೊಳಗ ನನ್ನ ಯಾವ ಕೈ ಐತಿ? ಅರವತ್ತರಾಗ ಕೊಟ್ಟದ್ದು ಹೌದಲ್ಲೋ?"

ವಾದಿರಾಜ ಹೆಮ್ಮೆಯಿಂದಲೇ ನಕ್ಕ. "ಅಷ್ಟು ಹಳೇದು ಯಾಕ್ರಿ ಮೇಡಂ? ಎಳಿಗಳು ಸವೀತಾವ, ವರ್ಷಕ್ಕೊಮ್ಮೆ ಹೊಸದಾಗಿ ಕಲಿಸಬೇಕಾಗ್ತದ. ಖಂಡೇ ಪೂಜಿ ದಿವಸ ನೀವು ಮೊದಲನೇ ಆಪರೇಷನ್ ಮಾಡ್ತೀರಲ್ಲ, ಆವಾಗ ಎಳಿ ಸಡಲ ಬಿಟ್ಟು ನಿಮ್ಮ ಕೈದು ಹೊಸಾ ಅಚ್ಚು ತೊಗೊಂಡು ಎಲ್ಲಾ ಊರಿಗೂ ಕಳಸ್ತೀನಿ. ಗುರುಗಳು ಎದುರಿಗೆ ಇದ್ದಾಗ ಹಳೇ ಅಚ್ಚು ಪೂಜಿ ಮಾಡೂದು ಎಲ್ಲಿ ಧರ್ಮರಿ?"

ತಗೋ, ಇಲ್ಲಿತ್ತು ಗಂಟು. ಆಯುಧಗಳಿಗೆ ಕುಂಕುಮ ಹಚ್ಚುವ ದಿನ ಗುರುವಿನ ಕೈಯಿಂದ ಶುಭಾರಂಭ ಮಾಡಿಸಬೇಕೆಂಬ ಭಕ್ತಿ. ಆ ಭಕ್ತಿಯಲ್ಲಿ ಒಂದೊಂದು ವರ್ಷವೂ ಶೈಲಜಾ ಅವರ ಕೈ ಒಂದೊಂದು ಕೂದಲೆಳೆ ಮುದಿಯಾದಂತೆ, ರಾಜ್ಯದ ಅಷ್ಟೂ ಗವಸುಗಳು ಅದರ ಹಿಂದೆಯೇ ಮುದಿಯಾಗುತ್ತ ಬಂದಿದ್ದವು. ಇಷ್ಟು ನಡುಗುವುದು ಸಹಜ ಎಂದು ಕಲಿತವು. ಇಷ್ಟು ಸೊಟ್ಟಗಿರುವುದೇ ದುಂಡು ಎಂದು ಕಲಿತವು. ಅವರ ಕೈಯನ್ನು ಅವರದೇ ಕೈಗೆ ಹೋಲಿಸಿದರೆ ಸೊನ್ನೆ ಬೀಳದೆ ಇನ್ನೇನು? ಎಳೆಯ, ಗಟ್ಟಿ ಕೈಯ ಡಾಕ್ಟರುಗಳನ್ನು ಗವಸು ಎಪ್ಪತ್ತರ ಸೊಟ್ಟಕ್ಕೆ ಎಳೆಯುತ್ತಿತ್ತು. ಬೇರೆಯವರು ಸೋತು ಹೊಂದಿಕೊಂಡರು. ತಸ್ಲೀಮಾ ಒಬ್ಬಳು ಸೋಲಲಿಲ್ಲ.

ಶೈಲಜಾ ಇದನ್ನು ಬಿಡಿಸಿ ಹೇಳಿದಾಗ ವಾದಿರಾಜನ ಮುಖ ಬಿಳಚಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಮೇಡಂ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೊದಲನೇ ಅಚ್ಚು ನನ್ನ ಹತ್ರ ಹಂಗ ಅದ. ಅದನ್ನ ವಾಪಸ್ ಹಾಕಿಬಿಡೋಣು. ಎಲ್ಲಾರ ಕೈ ಸರಿ ಆಗ್ತದ, ತಸ್ಲೀಮಾ ಡಾಕ್ಟರೂ ಪಾರಾಗ್ತಾರ. ಯಾರಿಗೂ ಏನೂ ಹೇಳೂದು ಬ್ಯಾಡ."

"ಮತ್ತ ನನ್ನ ಅಂಕಿ?"

"ನಿಮ್ಮ ಒಂದು ಗವಸಿಗೆ ಮಾತ್ರ ಈಗಿನ ಅಚ್ಚು ಇಟ್ಟಿರ್ತೀನ್ರಿ. ಸೊನ್ನಿ ಸೊನ್ನಿನ ಇರ್ತದ."

ಆಸೆಯಾಯಿತು. ಸುಳ್ಳೇಕೆ, ಶೈಲಜಾ ಅವರಿಗೆ ಬಹಳ ಆಸೆಯಾಯಿತು. ಖಂಡೇ ಪೂಜೆಗೆ ಇನ್ನೊಂದೇ ವಾರ. ಗಂಡನ ಕಣ್ಣೊಂದನ್ನು ತಾವೇ ಮಾಡಿ ಮುಗಿಸಿ, ಆಮೇಲೆ ಮರ್ಯಾದೆಯಿಂದ ಹಾರ ಹಾಕಿಸಿಕೊಂಡು ನಿವೃತ್ತರಾಗಬಹುದು. ಯಾರಿಗೂ ನೋವಿಲ್ಲ. ಕತ್ತಿ ಹಿಡಿಯದ ಶೈಲಜಾ ಕೊಣ್ಣೂರ ಅಂದರೆ ಯಾರು, ಅವರಿಗೇ ಗೊತ್ತಿರಲಿಲ್ಲ.

"ಈಗಾಗಲೇ ಮಸೂರ ಪಕ್ಕಕ್ಕ ಸರದವರು?" ಎಂದು ಕೇಳಿದರು.

"ಬಂದವರಿಗೆ ಸರಿ ಮಾಡೋಣ್ರಿ."

"ಬರದವರು? ವಯಸ್ಸಾತು, ಕಣ್ಣು ಹಿಂಗ ಇರತೈತಿ ಅಂತ ಮನ್ಯಾಗ ಕುಂತವರು?"

ತಸ್ಲೀಮಾ ಬಾತ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಒತ್ತಿಕೊಳ್ಳುತ್ತಿದ್ದುದು ಶೈಲಜಾ ಅವರ ಕಣ್ಣಿಗೆ ಬಿತ್ತು.

"ಮೊದಲನೇ ಅಚ್ಚು ತಯಾರ ಮಾಡಿ ಇಡಪಾ," ಎಂದರು. "ಖಂಡೇ ಪೂಜಿ ದಿನಾನ ಹಾಕೂಣು. ಅಲ್ಲೀತನಕ ಯಾರೂ ಗವಸು ಹಾಕಿ ಆಪರೇಷನ್ ಮಾಡೂದು ಬ್ಯಾಡ. ಅದರ ಆದೇಶಕ್ಕ ನಾನ ಸಹಿ ಮಾಡ್ತೇನಿ."

ಖಂಡೇ ಪೂಜೆಯ ದಿನ ಮೇಲ್ಮಹಡಿಯ ಕೋಣೆಯಲ್ಲಿ ಯಂತ್ರಗಳಿಗೆಲ್ಲ ಚೆಂಡು ಹೂವಿನ ಮಾಲೆ. ಕುಂಬಳಕಾಯಿ ಒಡೆದಾಗಿತ್ತು. ದೊಡ್ಡ ಪರದೆಯ ಮೇಲೆ ಒಂದೊಂದು ಊರಿನ ಡಾಕ್ಟರುಗಳು, ಶೈಲಜಾ ಹೇಳಿಕಳಿಸಿದ್ದಂತೆ, ಗವಸು ತೊಟ್ಟು ಕಾಯುತ್ತಿದ್ದರು. ಶೈಲಜಾ ಕಾಟನ್ ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಬಂದು, ಮೈಕ್ರೋಸ್ಕೋಪಿನ ಕೆಳಗೆ ಇಟ್ಟ ಆಡಿನ ಕಣ್ಣಿನ ಮುಂದೆ ಕೂತರು. ರೋಗಿ ಎಲ್ಲಿ ಎಂದು ಹಲಗತ್ತಿ ಹುಬ್ಬೇರಿಸಿದರು.

"ವಾದಿರಾಜ, ನನ್ನ ಗವಸಿಗೆ ಮೊದಲನೇ ಅಚ್ಚು ಹಾಕು."

ವಾದಿರಾಜ ಹಾಕಿದ. ಶೈಲಜಾ ಚೀಲಕ್ಕೆ ಬಾಯಿ ತೆಗೆಯತೊಡಗಿದರು. ಬೆರಳು ನಾಲ್ಕರ ಕಡೆ ಜಾರಿತು, ಕೂಡಲೇ ಎಳೆಗಳು ಜಗ್ಗಿದವು. ಅಬ್ಬಾ, ಎಂಥ ಕೈ ಅದು. ಅರವತ್ತರ ತಮ್ಮ ಕೈ ಎಪ್ಪತ್ತರ ತಮ್ಮ ಕೈಯನ್ನು ಹಿಡಿದು ದಾರಿಗೆ ಎಳೆಯುತ್ತಿತ್ತು. ಗೋಡೆಯ ಮೇಲೆ ಅಂಕಿ ಏರಿತು. ಮಿತಿ ಮುಟ್ಟಿತು. ದಾಟಿತು. ಕೆಂಪು ದೀಪ ಹೊತ್ತಿತು. ಇಡೀ ಪರದೆಯ ಮೇಲೆ ಒಂದು ಕೈಯೂ ಅಲ್ಲಾಡಲಿಲ್ಲ.

"ಈ ಅಂಕಿ ನಂದು," ಎಂದು ಶೈಲಜಾ ಗವಸು ಬಿಚ್ಚಿದರು. ನಡೆದುದನ್ನೆಲ್ಲ ಬಿಡಿಸಿ ಹೇಳಿದರು. "ಕೈ ನಡಗೂದು ನನಗ ಗೊತ್ತಿತ್ತು. ಸೊನ್ನಿ ನೋಡಿ ಸುಮ್ಮನಾದೆ. ಇವತ್ತಿಂದ ನಾ ಕತ್ತಿ ಹಿಡಿಯಂಗಿಲ್ಲ. ನಾವು ಮಾಡಿದ ಒಬ್ಬೊಬ್ಬರನ್ನೂ ಮನಿಗೆ ಹೋಗಿ ಕರೀರಿ, ಕಣ್ಣು ನೋಡ್ರಿ. ಮತ್ತ ಇನ್ನ ಮ್ಯಾಲೆ ಗವಸಿನೊಳಗ ಯಾರ ಕೈನೂ ಇಡಬ್ಯಾಡ್ರಿ, ತಸ್ಲೀಮಾಂದೂ ಬ್ಯಾಡ. ಆಕೀಗೂ ಒಂದಿನ ಎಪ್ಪತ್ತಾಗ್ತೈತಿ. ಕಣ್ಣಾಗ ಬಾಯಿ ದುಂಡಗ ಬಂತೋ ಇಲ್ಲೋ ಅಷ್ಟ ಅಳೀರಿ."

ಆಮೇಲೆ ಹಲಗತ್ತಿ ಎದ್ದು ಬಂದರು. ಬೈಯುತ್ತಾರೆ ಎಂದೇ ಎಲ್ಲರೂ ಅಂದುಕೊಂಡರು. ಅವರು ಶೈಲಜಾ ಬಿಟ್ಟ ಕುರ್ಚಿಯಲ್ಲಿ ಕೂತು, ತೋಳು ಮಡಚಿ, "ನಂದೂ ನೋಡಪಾ ವಾದಿರಾಜ," ಎಂದರು. ಕಾರವಾರದ ಪರದೆಯಲ್ಲಿ ಒಬ್ಬ ನರೆಗೂದಲಿನ ಡಾಕ್ಟರು ಕೈ ಎತ್ತಿದರು. ಅವರ ಹಿಂದೆ ಕೋಲಾರದವರು.

ಮಹಾಂತೇಶ ಕೆಳಗಿನ ವಾರ್ಡಿನಲ್ಲಿ ಹಸಿರು ಅಂಗಿ ತೊಟ್ಟು ಕಾಲಾಡಿಸುತ್ತ ಕೂತಿದ್ದರು. ಹೆಂಡತಿ ಬಂದು ಪಕ್ಕದಲ್ಲಿ ಕೂತು ಹೇಳಿದಾಗ ನಂಬಲಿಲ್ಲ.

"ನಿನ್ನ ಕೈ ನಡಗತೈತಿ? ನಾ ಒಂದಿನಾನೂ ಕಂಡಿಲ್ಲ."

"ನಿಮಗ ಮೋತಿಬಿಂದು ಐತ್ರಿ. ನಿಮ್ಮ ಕಣ್ಣು ತಸ್ಲೀಮಾ ಮಾಡ್ತಾಳ. ಜಾಣಗವಸು ಹಾಕಂಗಿಲ್ಲ, ಆಕೀ ಕೈನ ಸಾಕು. ನಿಮಗ ಒಪ್ಪಿಗಿ ಇದ್ರ ಮಾತ್ರ."

ಅವರು ಮುಖ ಸಣ್ಣ ಮಾಡಿದರು. "ನನಗ ನಿನ್ನ ಕೈಗುಣ ಬೇಕಾಗಿತ್ತು."

"ಕೈಗುಣ ನಂದ ಐತಿ. ಆಕೀನ್ನ ಆರಿಸಿದ್ದು ನಾ ಅಲ್ಲೇನು? ಹೂಂ ಅನ್ರಿ."

"ಹೂಂ," ಎಂದರು ಮಹಾಂತೇಶ.

ಶೈಲಜಾ ಅಂದು ಸಹಾಯಕರ ಸ್ಟೂಲಿನ ಮೇಲೆ ಕೂತು, ಕಣ್ಣು ಒಣಗದ ಹಾಗೆ ಹನಿ ಹನಿ ನೀರು ಬಿಡುವ ಕೆಲಸ ಮಾಡಿದರು. ಡಾಕ್ಟರಿಕೆ ಕಲಿಯಲು ಬಂದ ಮೊದಲ ವರ್ಷ ಮಾಡಿದ್ದ ಕೆಲಸ ಅದು. ತಸ್ಲೀಮಾಳ ಬೆರಳು ಎಲ್ಲಿಯೂ ತಡೆಯದೆ ಸುತ್ತು ಬಂತು. ನಟ್ಟನಡುವೆ, ದುಂಡಗೆ, ಒಂದು ಬಾಯಿ ತೆರೆಯಿತು. ಇಷ್ಟು ಚಂದದ ಕೆಲಸವನ್ನು ಹೊರಗೆ ಕೂತು ನೋಡುವುದರಲ್ಲೂ ಇಂಥ ಸುಖವಿದೆ ಎಂದು ಅವರಿಗೆ ತಿಳಿದಿರಲೇ ಇಲ್ಲ.

ಮರುದಿನ ವಿಜಯದಶಮಿ, ಬನ್ನಿ ಎಲೆಯನ್ನು ಬಂಗಾರವೆಂದು ಹಂಚುವ ಹಬ್ಬ. ತಸ್ಲೀಮಾ ಮನೆಗೇ ಬಂದು ಪಟ್ಟಿ ಬಿಚ್ಚಿದಳು. ಮಹಾಂತೇಶ ಕಣ್ಣು ಪಿಳಿಪಿಳಿ ಮಾಡಿ ಮೊದಲು ಕಿಟಕಿ ನೋಡಿದರು, ಆಮೇಲೆ ಅವಳು ಅಂಗೈಯಲ್ಲಿಟ್ಟ ಬನ್ನಿ ಎಲೆಯ ಗೆರೆಗಳನ್ನು.

"ಬಂಗಾರದಂಗ ಇರೂಣ್ರಿ ಸರ್," ಎಂದು ಅವಳು ಕಾಲು ಮುಟ್ಟಿದಳು.

"ಇರೂಣವಾ. ಎಲಿ ಇಷ್ಟು ಹಸರ ಇರತೈತಿ ಅನ್ನೂದ ಮರತಿದ್ದೆ."

ಒಳಗಿನಿಂದ ಶೈಲಜಾ ಚಹಾ ತಂದರು. ಅಂಚಿನವರೆಗೆ ತುಂಬಿದ ಕಪ್ಪು. ಬಾಗಿಲಿನಿಂದ ಕುರ್ಚಿಯ ತನಕ ಕಪ್ಪು ಬಸಿಯ ಮೇಲೆ ಕಟಕಟ ಸದ್ದು ಮಾಡುತ್ತಲೇ ಬಂತು, ಚಹಾ ಚೆಲ್ಲುತ್ತಲೇ ಬಂತು. ಅವರು ಕೈ ಮರೆಮಾಡಲಿಲ್ಲ. ಮಹಾಂತೇಶ ಹೊಸ ಕಣ್ಣಿನಿಂದ ಆ ಕೈಯನ್ನೇ ಬಹಳ ಹೊತ್ತು ನೋಡಿದರು.

"ಅರ್ಧಾ ಕಪ್ಪು ಶುರು ಆದಾಗಿಂದನ?"

"ಹೂಂ ರೀ."

ಅವರು ಕಪ್ಪನ್ನು ಪಕ್ಕಕ್ಕಿಟ್ಟರು. ಬಸಿಯನ್ನು ಎರಡೂ ಕೈಯಲ್ಲಿ ಎತ್ತಿ, ಚೆಲ್ಲಿದ್ದನ್ನೇ ಮೊದಲು ಕುಡಿದರು.

"ಸಕ್ಕರಿ ಬರೋಬ್ಬರಿ ಐತಿ," ಎಂದರು.